ಕಜಾನಸ್ ಕಜಾನ್: ತೊಗರಿಯ ಶಾಸ್ತ್ರೀಯ ಹೆಸರು ಬಂದ ದಾರಿ

ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು, ನಮ್ಮ ಊರಿನ ಹೆಸರು ಕಾನೂನಿನ ಪ್ರಕಾರವೂ ಈ ಬೆಳೆಯೊಂದಿಗೆ ಸೇರಿಕೊಂಡಿತು. ಆದರೆ ಅದರ ಶಾಸ್ತ್ರೀಯ ಹೆಸರಾದ ‘ಕಜಾನಸ್ ಕಜಾನ್’ನಲ್ಲಿ ನಮ್ಮ ಸೀಮೆಯ ಗುರುತಾಗಲಿ, ದೇಶದ ಗುರುತಾಗಲಿ ಇಲ್ಲ. ದ್ವಿದಳ ಕಾಳುಗಳಿಗೆಲ್ಲ ಮಲಯ ಭಾಷೆಯಲ್ಲಿ ಹೇಳುವ ‘ಕಚಾಂಗ್’ ಎಂಬ ಮಾತೇ ಯುರೋಪಿನ ಸಸ್ಯಶಾಸ್ತ್ರಜ್ಞರ ಕೈಯಲ್ಲಿ ಲ್ಯಾಟಿನ್ ರೂಪ ತಳೆದು ಈ ಹೆಸರಾಗಿದೆ.

ಗಿಡಗಳಿಗೆ ಕುಲದ ಹೆಸರು ಮೊದಲು, ಪ್ರಭೇದದ ಹೆಸರು ಆಮೇಲೆ ಎಂಬ ಎರಡು ಪದಗಳ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ‘ಸೈಟಿಸಸ್ ಕಜಾನ್’ ಎಂದು ಹೆಸರಿಟ್ಟನು. ಯುರೋಪಿನ ಹಳದಿ ಹೂವಿನ ಪೊದೆಗಳ ಕುಲ ಸೈಟಿಸಸ್. ತೊಗರಿಗೆ ಅದು ಸಲ್ಲುವ ಜಾಗವಲ್ಲವೆಂದು ಕಂಡ ಫ್ರೆಂಚ್ ವಿದ್ವಾಂಸ ಅಡಾನ್ಸನ್ 1763ರಲ್ಲಿ ಇದನ್ನು ಪ್ರತ್ಯೇಕ ಕುಲವನ್ನಾಗಿಸಿದನು. ತೊಗರಿಯ ಕೆಲವು ತಳಿಗಳ ಹೂ ಅಪ್ಪಟ ಹಳದಿಯಾದರೆ, ಕೆಲವುಗಳ ದೊಡ್ಡ ದಳದ ಹೊರಮೈಯಲ್ಲಿ ಕೆಂಪು ಗೆರೆಗಳಿರುವುದನ್ನು ನಮ್ಮ ರೈತರೆಲ್ಲ ಬಲ್ಲರು. ಸ್ವಿಸ್ ಸಸ್ಯಶಾಸ್ತ್ರಜ್ಞ ಡಿ ಕ್ಯಾಂಡೋಲ್ 1813ರಲ್ಲಿ ಈ ವ್ಯತ್ಯಾಸವನ್ನೇ ಹಿಡಿದು ‘ಫ್ಲೇವಸ್’ (ಹಳದಿ), ‘ಬೈಕಲರ್’ (ಎರಡು ಬಣ್ಣದ್ದು) ಎಂಬ ಎರಡು ಪ್ರಭೇದಗಳನ್ನು ಮಾಡಿದನು. ಜರ್ಮನ್ ಸಸ್ಯಶಾಸ್ತ್ರಜ್ಞ ಸ್ಪ್ರೆಂಗೆಲ್ 1826ರಲ್ಲಿ ಕೊಟ್ಟ ‘ಕಜಾನಸ್ ಇಂಡಿಕಸ್’ (ಭಾರತದ ಕಜಾನಸ್) ಎಂಬ ಹೆಸರು ಭಾರತದ ಕೃಷಿ ಗ್ರಂಥಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು.

ಆ ‘ಇಂಡಿಕಸ್’ ಉಳಿಯಬೇಕಿತ್ತೆಂದು ಅನಿಸುವುದು ಸಹಜವೇ. ಆದರೆ ಪ್ರಭೇದಕ್ಕೆ ಮೊದಲು ಇಟ್ಟ ಹೆಸರಿಗೇ ಆದ್ಯತೆ ಎಂಬ ನಿಯಮದಂತೆ ಲಿನೇಯಸನ ‘ಕಜಾನ್’ ಹಿಂತಿರುಗಿತು, ಮತ್ತು ಅದು ನ್ಯಾಯವೆಂದೇ ನನ್ನ ಅಭಿಪ್ರಾಯ. ಅಭಿಮಾನಕ್ಕೆ ತಕ್ಕಂತೆ ಹೆಸರು ಬದಲಾಗುತ್ತ ಹೋದರೆ ಎರಡು ದೇಶಗಳ ವಿಜ್ಞಾನಿಗಳು ಒಂದೇ ಗಿಡದ ಬಗ್ಗೆ ಮಾತನಾಡುತ್ತಿದ್ದೇವೆಂದು ಖಚಿತಪಡಿಸಿಕೊಳ್ಳುವುದೇ ಕಷ್ಟವಾಗುತ್ತದೆ. ಪ್ರಾಣಿಗಳಲ್ಲಿ ‘ಗೊರಿಲ್ಲಾ ಗೊರಿಲ್ಲಾ’ ಎಂದು ಕುಲದ ಹೆಸರೇ ಪ್ರಭೇದದ ಹೆಸರಾಗಿ ಮರುಕಳಿಸಬಹುದು, ಸಸ್ಯಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಇಲ್ಲಿ ಕೊನೆಯ ಅಕ್ಷರಗಳು ಬೇರೆಯಾಗಿರುವುದರಿಂದ ‘ಕಜಾನಸ್ ಕಜಾನ್’ ಸಿಂಧುವಾಗಿದೆ.

ಭಾರತದ ಪಾಲು ಹೆಸರಿನಲ್ಲಿ ಇಲ್ಲದಿದ್ದರೂ ಗಿಡದ ವಂಶದಲ್ಲಿದೆ. ಒಡಿಶಾ ಮತ್ತು ಬಸ್ತರ್ ಕಡೆಯ ಕಾಡುಗಳಲ್ಲಿ ಬೆಳೆಯುವ ‘ಕಜಾನಸ್ ಕಜಾನಿಫೋಲಿಯಸ್’ ಎಂಬ ಕಾಡುಗಿಡವೇ ತೊಗರಿಯ ಪೂರ್ವಜವೆಂದು ಹೆಚ್ಚಿನ ವಿಜ್ಞಾನಿಗಳು ಒಪ್ಪುತ್ತಾರೆ. ‘ಕಜಾನಿಫೋಲಿಯಸ್’ ಎಂದರೆ ತೊಗರಿಯಂಥ ಎಲೆಯುಳ್ಳದ್ದು; ಅಂದರೆ ಮೂಲಗಿಡಕ್ಕೆ ಅದರ ಸಂತತಿಯ ಮೂಲಕ ಹೆಸರು ಬಂದಿದೆ. ಹೈದರಾಬಾದಿನ ಸಮೀಪದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಕೇಂದ್ರವಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಹೈಬ್ರಿಡ್ ತೊಗರಿಯ ಬೀಜೋತ್ಪಾದನೆಗೆ ಬೇಕಾದ ಗಂಡುಬಂಜೆ ಗುಣವನ್ನು (ಫಲವತ್ತಾದ ಪರಾಗ ಬಿಡದ ಗುಣ) ಪಡೆದದ್ದೂ ಈ ಕಾಡುಗಿಡದಿಂದಲೇ.