ಬೊಂಡವೂ ಬೇಡವೇ?

ಬದಿಯಡ್ಕದ ಅತ್ತೆಯನ್ನು ನೋಡಲು ಬಂದ ನೆಂಟರೊಬ್ಬರು ಇಂದು ಪ್ರೀತಿಯಿಂದ ಬೊಂಡ (ಎಳನೀರು) ಕೆತ್ತಿ ಕೊಟ್ಟರು.

ಅತ್ತೆ ಮುಟ್ಟಲಿಲ್ಲ. "ತಂಪಲ್ಲವೇ ಅತ್ತಿಗೆ?" ಎಂದು ಅವರಿಗೆ ಬೇಸರ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಈಗ ಮೂತ್ರಪಿಂಡವೂ ಸೋತಿದೆ. ಬೊಂಡದ ನೀರಿನಲ್ಲಿ ಪೊಟ್ಯಾಶಿಯಂ ಧಾರಾಳ. ಸೋತ ಮೂತ್ರಪಿಂಡ ಅದನ್ನು ಪೂರ್ತಿ ಹೊರಹಾಕಲಾರದು. ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಾಳ ತಪ್ಪೀತು. ಗಂಟುನೋವಿಗೆ ಅಂಗಡಿಯಲ್ಲಿ ಕೇಳಿ ನುಂಗುವ ಎಷ್ಟೋ ಮಾತ್ರೆಗಳೂ ಮೂತ್ರಪಿಂಡಕ್ಕೆ ಪೆಟ್ಟು. ಹೀಗಿರುವಾಗ ನಾವು ಬಂದವರೆಲ್ಲ ಒಂದೊಂದು ಮದ್ದು ಹೇಳಿ ಹೋಗುತ್ತೇವೆ!

ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ಪಥ್ಯದ ಹಾಳೆ ಮಲಯಾಳದಲ್ಲಿ. ಅತ್ತೆ ಓದುವುದು ಕನ್ನಡ. (ನಮ್ಮ ಕಾಸರಗೋಡು!) ಮಗಳು ಎಲ್ಲವನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಕಪಾಟಿಗೆ ಅಂಟಿಸಿದ್ದಾಳೆ. ತಳದಲ್ಲಿ ಅತ್ತೆಯದೇ ಒಂದು ಸಾಲು: "ಉಪ್ಪಿನಕಾಯಿಯ ಭರಣಿ ಅಡಗಿಸಿಟ್ಟವರು ಯಾರೆಂದು ನನಗೆ ಗೊತ್ತಿದೆ."