ಬಾಕರವಡಿಗಾಗಿ ಬಿಟ್ಟ ಪಂದ್ಯ

2019ರ ಡಿಸೆಂಬರ್‌ನಲ್ಲಿ ತಂಗಿ ಪುಣೆಯಲ್ಲಿ ಮನೆ ಬದಲಿಸುತ್ತಿದ್ದಳು. ಸಾಮಾನು ಹೊರಲು ಒಬ್ಬ ಅಣ್ಣ ಬೇಕಿತ್ತು, ಧಾರವಾಡದಿಂದ ಪೇಡೆ ಹಿಡಿದು ಹೋದೆ. ಹೊರಡುವ ಮೊದಲು ಪುಣೆಯ ಕುರುಕಲು ತಿಂಡಿ ಬಾಕರವಡಿ ಕೊಳ್ಳಬೇಕಲ್ಲ, ಅವಳ ಮಗನನ್ನು ಕರೆದುಕೊಂಡು ಡೆಕ್ಕನ್ ಜಿಮ್ಖಾನಾದ ಕಡೆ ನಡೆದೆ. ಅಲ್ಲಿನ ಕ್ಲಬ್ಬಿನ ಟೆನಿಸ್ ಅಂಕಣದಿಂದ ಚೆಂಡು ಬಡಿಯುವ ಸದ್ದು ಕೇಳಿಸುತ್ತಿತ್ತು. ಹುಡುಗನಿಗೆ ಆಗ ಹದಿನಾಲ್ಕು ವರ್ಷ.

“ಮಾಮಾ, ಹೆಂಗಸರ ಟೂರ್ನಿ ನಡೆದಿದೆ. ಒಂದು ಮ್ಯಾಚ್ ನೋಡಿ ಹೋಗೋಣ” ಎಂದ.

ಕಾಲೇಜಿನಲ್ಲಿ ನಾಲ್ಕು ವರ್ಷ ಟೆನಿಸ್ ಆಡಿದವನು ನಾನು. ಆ ಗತ್ತಿನಲ್ಲೇ ಹೇಳಿದೆ: “ಇಪ್ಪತ್ತೈದು ಸಾವಿರ ಡಾಲರಿನ ಟೂರ್ನಿಯಲ್ಲಿ ಯಾರಪ್ಪ ಆಡುತ್ತಾರೆ? ಒಂದು ಗಂಟೆಗೆ ಅಂಗಡಿ ಬಾಗಿಲು ಹಾಕುತ್ತಾರೆ, ನಡೆ.” ಮಧ್ಯಾಹ್ನ ಮಲಗುವುದು ಪುಣೆಯ ಅಂಗಡಿಕಾರರ ಜನ್ಮಸಿದ್ಧ ಹಕ್ಕು. ಬಾಕರವಡಿಯೇನೋ ಸಿಕ್ಕಿತು.

ಆ ಟೂರ್ನಿಯ ಫೈನಲ್‌ನಲ್ಲಿ ನೈಕ್ತಾ ಬೇನ್ಸ್ ಅವರನ್ನು ಸೋಲಿಸಿ ಗೆದ್ದವಳು ಹದಿನೇಳು ವರ್ಷದ ಬ್ರಿಟಿಷ್ ಆಟಗಾರ್ತಿ ಎಮ್ಮಾ ರಾಡುಕಾನು.

ಅವಳು ಹುಟ್ಟಿದ್ದು ಕೆನಡಾದ ಟೊರಾಂಟೊದಲ್ಲಿ. ಅಪ್ಪ ರೊಮೇನಿಯಾದವರು, ಅಮ್ಮ ಚೀನಾದ ಶೆನ್ಯಾಂಗ್‌ನವರು. ಮಗುವಿಗೆ ಎರಡು ವರ್ಷವಾದಾಗ ಲಂಡನ್ನಿನ ಬ್ರಾಮ್ಲಿಗೆ ಬಂದು ನೆಲೆಸಿದರು. ಐದನೇ ವಯಸ್ಸಿಗೆ ಕೈಗೆ ರ‍್ಯಾಕೆಟ್ ಬಂತು. ಜೊತೆಗೆ ಬ್ಯಾಲೆ, ಕುದುರೆ ಸವಾರಿ, ಗೋ ಕಾರ್ಟಿಂಗ್, ಮೋಟೊಕ್ರಾಸ್ ಎಲ್ಲವೂ ಇದ್ದವು.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಪುಣೆಯ ನಂತರದ ದಿನಗಳು. ಗೆಲುವಿನ ರುಚಿ ಸಿಕ್ಕ ಮೇಲೆ ಟೂರ್ನಿಯಿಂದ ಟೂರ್ನಿಗೆ ಓಡಬೇಕಾದ ವಯಸ್ಸು. ಅಷ್ಟರಲ್ಲಿ ಕೊರೊನಾ ಬಂತು. ಮನೆಯವರು ಓದು ಬಿಡಲು ಒಪ್ಪಲಿಲ್ಲ. ವೃತ್ತಿಪರ ಟೂರ್ನಿಗಳಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ದೂರ ಉಳಿದು, ನಮ್ಮ ಪಿಯುಸಿಯಂತಹ ಎ ಲೆವೆಲ್ ಮುಗಿಸಿದಳು. ಗಣಿತದಲ್ಲಿ ಎ ಸ್ಟಾರ್, ಅರ್ಥಶಾಸ್ತ್ರದಲ್ಲಿ ಎ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಬಂತೆಂದರೆ ಮೊದಲು ಅಟ್ಟ ಸೇರುವುದು ರ‍್ಯಾಕೆಟ್. ನಮ್ಮ ಹುಡುಗನದೂ ಹಾಗೆಯೇ ಅಟ್ಟ ಸೇರಿತು, ಅದಕ್ಕೆ ಸಲಹೆ ಕೊಟ್ಟವನೂ ನಾನೇ.

2021ರ ಜೂನ್‌ನಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ, ಹೆಂಗಸರ ವೃತ್ತಿಪರ ಟೆನಿಸ್‌ನ ಮೇಲ್ಮಟ್ಟವಾದ ಡಬ್ಲ್ಯುಟಿಎ ಟೂರ್ನಿಯಲ್ಲಿ ತನ್ನ ಮೊದಲ ಪಂದ್ಯ ಆಡಿ ಹ್ಯಾರಿಯೆಟ್ ಡಾರ್ಟ್‌ಗೆ ಸೋತಳು. ಆ ಬೇಸಿಗೆಯಲ್ಲೇ ವಿಂಬಲ್ಡನ್‌ಗೆ ವೈಲ್ಡ್ ಕಾರ್ಡ್, ಅಂದರೆ ಆಯೋಜಕರು ಕೊಡುವ ವಿಶೇಷ ಪ್ರವೇಶ, ಸಿಕ್ಕಿತು. 338ನೇ ರ‍್ಯಾಂಕಿನ ಹುಡುಗಿ ವೊಂದ್ರೊಸೊವಾ ಅವರನ್ನೂ ಕಿರ್ಸ್ತೆಯಾ ಅವರನ್ನೂ ಉರುಳಿಸಿ ನಾಲ್ಕನೇ ಸುತ್ತಿಗೆ ಬಂದಳು. ಅಲ್ಲಿ ಟೊಮ್ಲಿಯಾನೊವಿಚ್ ಎದುರು ಉಸಿರಾಟ ಕಷ್ಟವಾಗಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಒತ್ತಡ ತಾಳಲಾಗಲಿಲ್ಲ ಎಂಬ ಅರ್ಥದಲ್ಲಿ ಹಿಂದಿನ ಟೆನಿಸ್ ತಾರೆ ಜಾನ್ ಮೆಕೆನ್ರೊ ಟಿವಿಯಲ್ಲಿ ಮಾತಾಡಿದರು. ಅಂಪೈರ್‌ಗಳ ಮೇಲೆ ಕೂಗಾಡಿಯೇ ಹೆಸರಾದವರು ಹದಿನೆಂಟರ ಹುಡುಗಿಗೆ ಸಂಯಮದ ಪಾಠ ಹೇಳುವುದೇ ಎಂದು ನನಗೆ ಸಿಟ್ಟು ಬಂದಿತ್ತು.

ಎರಡು ತಿಂಗಳೊಳಗೆ ನ್ಯೂಯಾರ್ಕ್‌ನ ಯುಎಸ್ ಓಪನ್. ಅರ್ಹತಾ ಸುತ್ತು ಮುಗಿದೊಡನೆ ಊರಿಗೆ ಮರಳಲು ವಿಮಾನದ ಟಿಕೆಟ್ ಕೂಡ ಮಾಡಿಸಿಟ್ಟಿದ್ದಳು. ಅರ್ಹತೆಯ ಮೂರು ಪಂದ್ಯ, ಮುಖ್ಯ ಸುತ್ತಿನ ಏಳು ಪಂದ್ಯ, ಒಟ್ಟು ಇಪ್ಪತ್ತು ಸೆಟ್ ಆಡಿ ಒಂದನ್ನೂ ಬಿಟ್ಟುಕೊಡಲಿಲ್ಲ. ಅದೇ ಬೇಸಿಗೆಯ ಒಲಿಂಪಿಕ್ ಚಿನ್ನ ಗೆದ್ದಿದ್ದ ಬೆನ್ಸಿಚ್ ಕ್ವಾರ್ಟರ್‌ಫೈನಲ್‌ನಲ್ಲಿ ಸೋತರು, ಸಕ್ಕಾರಿ ಸೆಮಿಫೈನಲ್‌ನಲ್ಲಿ.

ಫೈನಲ್ ನಮಗೆ ಶನಿವಾರ ಕಳೆದು ರಾತ್ರಿ ಒಂದೂವರೆಯ ನಂತರ. ಮನೆಯವರು ಎಚ್ಚರಗೊಳ್ಳಬಾರದೆಂದು ಟಿವಿಯ ಸದ್ದು ಪೂರ್ತಿ ಇಳಿಸಿ ಕುಳಿತೆ. ಎದುರಿಗೆ ಲೇಲಾ ಫರ್ನಾಂಡಿಸ್, ಅವಳಿಗೂ ಹತ್ತೊಂಬತ್ತಷ್ಟೇ. ಮೊದಲ ಸೆಟ್ 6-4ರಿಂದ ರಾಡುಕಾನುಗೆ. ಎರಡನೆಯದರಲ್ಲಿ 5-2 ಇದ್ದಾಗ ಎರಡು ಚಾಂಪಿಯನ್‌ಶಿಪ್ ಪಾಯಿಂಟ್ ಕೈತಪ್ಪಿದವು. 5-3ರಲ್ಲಿ ಸರ್ವ್ ಮಾಡುತ್ತಿದ್ದಾಗ ರಾಡುಕಾನು ಜಾರಿ ಬಿದ್ದು ಎಡಗಾಲಿನಿಂದ ರಕ್ತ. ರಕ್ತ ಸುರಿಯುತ್ತಿದ್ದರೆ ಪಟ್ಟಿ ಕಟ್ಟಿಸಿಕೊಳ್ಳದೆ ಆಡುವಂತಿಲ್ಲ, ಅದು ನಿಯಮ. ಬ್ರೇಕ್ ಪಾಯಿಂಟ್, ಅಂದರೆ ಸೋತರೆ ತನ್ನ ಸರ್ವ್‌ನ ಗೇಮೇ ಕೈಬಿಡುವ ಪಾಯಿಂಟ್, ಎದುರಿಸುತ್ತಿರುವಾಗಲೇ ಆಟ ನಿಂತಿತು. ಫರ್ನಾಂಡಿಸ್ ಸಿಟ್ಟಾಗಿ ಅಧಿಕಾರಿಯೊಡನೆ ವಾದಕ್ಕಿಳಿದರು. ನಾನು ಎದ್ದು ನೀರು ಕುಡಿದು ಬಂದೆ, ಮತ್ತೆ ಎದ್ದು ಕುಡಿದು ಬಂದೆ. ಪಟ್ಟಿ ಕಟ್ಟಿಸಿಕೊಂಡು ಬಂದವಳು ಆ ಬ್ರೇಕ್ ಪಾಯಿಂಟನ್ನು ಉಳಿಸಿಕೊಂಡು, ಕೊನೆಗೆ ಎದುರಾಳಿ ಮುಟ್ಟಲೂ ಆಗದ ಸರ್ವ್, ಒಂದು ಏಸ್‌ನಲ್ಲಿ ಆಟ ಮುಗಿಸಿಬಿಟ್ಟಳು. ನನಗೆ ಜನ್ಮದಲ್ಲಿ ಬಾರದಿದ್ದ ಹೊಡೆತ ಅದೊಂದೇ.

ಅರ್ಹತಾ ಸುತ್ತಿನಿಂದ ಬಂದು ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಗೆದ್ದವರು ಅದಕ್ಕೆ ಮೊದಲು ಗಂಡಸರಲ್ಲೂ ಇರಲಿಲ್ಲ, ಹೆಂಗಸರಲ್ಲೂ ಇರಲಿಲ್ಲ. ಕೈಗೆ ಬಂದ ಬಹುಮಾನ 25 ಲಕ್ಷ ಡಾಲರ್. ಪುಣೆಯ ಇಡೀ ಟೂರ್ನಿಗೆ ಇಟ್ಟಿದ್ದ ಹಣದ ನೂರು ಪಟ್ಟು.

ಆಮೇಲಿನದು ಎಲ್ಲರಿಗೂ ಗೊತ್ತು. ಗೆದ್ದ ಎರಡೇ ವಾರಕ್ಕೆ ಕೋಚ್ ಆಂಡ್ರ್ಯೂ ರಿಚರ್ಡ್‌ಸನ್ ಅವರಿಂದ ಬೇರೆಯಾದಳು, ಮುಂದೆ ಕೋಚ್‌ಗಳು ಬದಲಾಗುತ್ತಲೇ ಹೋದರು, 2023ರಲ್ಲಿ ಎರಡೂ ಮಣಿಕಟ್ಟು ಮತ್ತು ಒಂದು ಪಾದದ ಕೀಲಿಗೆ ಶಸ್ತ್ರಚಿಕಿತ್ಸೆ. ಅದೃಷ್ಟದ ಗೆಲುವು ಎನ್ನುವವರು ಈಗಲೂ ಇದ್ದಾರೆ. ಒಂದು ಪಂದ್ಯ ಅದೃಷ್ಟದಿಂದ ಗೆಲ್ಲಬಹುದು. ಇಪ್ಪತ್ತು ಸೆಟ್ ಹೇಗೆ ಗೆಲ್ಲುತ್ತಾರೆಂದು ಅವರೇ ಹೇಳಬೇಕು.

ಆ ರಾತ್ರಿ ಮೂರೂವರೆ ದಾಟಿತ್ತು. ಟಿವಿ ಆರಿಸಿ ಮಲಗಲು ಹೊರಟಾಗ ಮೊಬೈಲ್ ಬೆಳಗಿತು. ಪುಣೆಯಿಂದ ಸೋದರಳಿಯನ ಒಂದೇ ಸಾಲು:

“ಮಾಮಾ, ಬಾಕರವಡಿ ಹೇಗಿತ್ತು?”