ಎರ್ಲಡ್ಡು ಹುಡುಕಿಕೊಂಡು ಸಿರುಗುಪ್ಪದ ಎರೆ ಹೊಲಗಳಿಗೆ

ಬಳ್ಳಾರಿಯಲ್ಲಿ ಉಗ್ಗಾಣಿ-ಮಿರ್ಚಿ ತಿಂದು ಸಿರುಗುಪ್ಪದ ದಾರಿ ಹಿಡಿದೆವು. ಸುಮಾರು 55 ಕಿ.ಮೀ. ದೂರ. ತುಂಗಭದ್ರೆಯ ಕಾಲುವೆ ನೀರು ಹರಿದ ಕಡೆಯೆಲ್ಲ ಭತ್ತವೇ ಭತ್ತ. ನೋಡಲು ಚೆಂದ. ಆದರೆ ನಾವು ಹುಡುಕುತ್ತಿದ್ದ ಹಕ್ಕಿಗೆ ಈ ಹಸಿರು ಆಗಿಬರುವುದಿಲ್ಲ. ಅದಕ್ಕೆ ಮಳೆ ನಂಬಿದ ಎರೆ ಹೊಲ ಬೇಕು, ನಡುನಡುವೆ ಹುಲ್ಲಿನ ಬಯಲು ಬೇಕು.

ಇಲ್ಲಿಯವರು ಎರ್ಲಡ್ಡು ಅನ್ನುವ ಈ ಹಕ್ಕಿಯೇ ಗ್ರೇಟ್ ಇಂಡಿಯನ್ ಬಸ್ಟರ್ಡ್. ಮೀಟರ್ ಎತ್ತರ. ಗಂಡು ಹಕ್ಕಿ 15 ಕಿಲೋವರೆಗೂ ತೂಗುತ್ತದೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2011ರಲ್ಲೇ ಇದನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಸಾಲಿಗೆ ಸೇರಿಸಿತು. ಆ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಅಪಾಯದಲ್ಲಿರುವ ಜೀವಿಗಳ ಜಾತಿಗಳೇ ಈಗ 45,000 ದಾಟಿವೆ. ಅಷ್ಟು ದೊಡ್ಡ ಸಂಖ್ಯೆ ಮನಸ್ಸಿಗೆ ಇಳಿಯೋದೇ ಇಲ್ಲ, ಅಲ್ವಾ? ಇದೊಂದೇ ಹಕ್ಕಿಯ ಲೆಕ್ಕ ಕೇಳಿ: ಬಯಲಲ್ಲಿ ಉಳಿದಿರುವುದು 150ಕ್ಕೂ ಕಡಿಮೆ. ಬಹುಪಾಲು ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಬೆರಳೆಣಿಕೆಯಷ್ಟು.

ಕಡಲೆ ಹೊಲವೊಂದರ ಬದುವಿನ ಮೇಲೆ ಕೂತೆವು. ಎರೆ ಮಣ್ಣು ಆಗಲೇ ಬಿರುಕು ಬಿಟ್ಟಿತ್ತು, ಬೆರಳು ತೂರುವಷ್ಟು ಅಗಲ. ಗಿಡದ ಬುಡದಲ್ಲಿ ಮಿಡತೆಗಳು ಪುಟಪುಟ ಹಾರುತ್ತಿದ್ದವು. ಎರ್ಲಡ್ಡುವಿಗೆ ಇಷ್ಟವಾದ ಊಟ ಅದು. ದೂರದಲ್ಲಿ ಚಿಗರಿ ಹಿಂಡು ಕಾಣಿಸಿತು. ಎರ್ಲಡ್ಡು ಮಾತ್ರ ಇಲ್ಲ.

ಹೊಲದ ಯಜಮಾನರು ಬಂದು ಮಾತಿಗೆ ಕೂತರು. "ನಾ ಸಣ್ಣವ ಇದ್ದಾಗ ಇಲ್ಲೇ ಅಡ್ಡಾಡ್ತಿದ್ವು ರೀ. ಈಗ ಕಂಡ್ರ ಪುಣ್ಯ."

"ಯಾಕೆ ಹೋದವು ಅಂತೀರಾ, ಅಣ್ಣಾ?" ಕೇಳಿದೆ.

ಉತ್ತರ ಹೇಳದೆ ಮೇಲೆ ಕೈ ತೋರಿಸಿದರು. ಕರೆಂಟಿನ ತಂತಿ.

ಅವರು ತೋರಿಸಿದ್ದು ಸರಿಯಾದ ಜಾಗವನ್ನೇ. ಈ ಹಕ್ಕಿಯ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ನೇರ ಎದುರಿನದು ಚೆನ್ನಾಗಿ ಕಾಣಿಸುವುದಿಲ್ಲ. ತಂತಿ ಕಾಣುವಷ್ಟರಲ್ಲಿ ಹತ್ತಿರ ಬಂದಿರುತ್ತದೆ. ಮೈ ಭಾರ, ಗಕ್ಕನೆ ತಿರುಗಲು ಆಗದೆ ತಂತಿಗೆ ಬಡಿದು ಸಾಯುತ್ತದೆ. ಈ ವಿಷಯ 2019ರಲ್ಲೇ ಸುಪ್ರೀಂ ಕೋರ್ಟ್ ಮುಂದೆ ಬಂತು. 2021ರಲ್ಲಿ ರಾಜಸ್ಥಾನ, ಗುಜರಾತಿನ ತಂತಿಗಳ ಬಗ್ಗೆ ಆದೇಶವೂ ಆಯಿತು. ನಮ್ಮ ಸಿರುಗುಪ್ಪದ ತಂತಿಗಳ ಬಗ್ಗೆಯೂ ಅಷ್ಟೇ ಜೋರಾಗಿ ಮಾತಾಡಬೇಕು. ಉಳಿದಿರುವುದು ಬೆರಳೆಣಿಕೆ ಹಕ್ಕಿ ಅಂದಾಗ ಒಂದು ಸತ್ತರೂ ನಷ್ಟ ದೊಡ್ಡದು. ಏಕೆಂದರೆ ಹೆಣ್ಣು ಹಕ್ಕಿ ಸಾಮಾನ್ಯವಾಗಿ ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ. ಅದೂ ಬರಿ ನೆಲದ ಮೇಲೆ. ನಾಯಿ, ನರಿ, ಕಾಗೆ, ಯಾವುದಕ್ಕೆ ಬೇಕಾದರೂ ಸಿಗುತ್ತದೆ.

ಜೈಸಲ್ಮೇರ್ ಕಡೆ ಮರಿ ಮಾಡಿಸುವ ಕೇಂದ್ರ 2019ರಲ್ಲಿ ಶುರುವಾಯಿತು. 2024ರಲ್ಲಿ ಕೃತಕ ಗರ್ಭಧಾರಣೆಯಿಂದ ಮರಿಯೂ ಆಯಿತು. ಓದಿದಾಗ ಖುಷಿಪಟ್ಟಿದ್ದೆ. ಆದರೆ ಆ ಮರಿಗಳಿಗೂ ಮುಂದೆ ಇಂಥದ್ದೇ ಬಯಲು ಬೇಕಲ್ಲ? ನಮ್ಮ ಕಡೆ ಹುಲ್ಲಿನ ಬಯಲನ್ನು ಸುಮ್ನೆ ಬಿದ್ದ ಜಾಗ ಅಂದುಕೊಳ್ಳುತ್ತಾರೆ.

"ಹಕ್ಕಿ ಉಳೀಲಿ ಅಂತ ನನಗೂ ಐತಿ. ಆದ್ರ ಜೋಳ, ಕಡ್ಲಿಗೆ ಚಲೋ ರೇಟು ಸಿಕ್ಕರ ಅಲ್ವಾ ನಾವು ಅದನ್ನ ಬಿತ್ತೋದು?" ಅಂದರು ಯಜಮಾನರು. ನ್ಯಾಯವಾದ ಮಾತು. ಹಕ್ಕಿಯ ಮನೆ ಇರುವುದು ಇವರ ಹೊಲದಲ್ಲೇ. ಮಳೆ ಬೆಳೆ ಬಿಡದ ರೈತರಿಗೆ ಕೈಹಿಡಿಯುವ ಯೋಜನೆ ಬಾರದೆ ಎರ್ಲಡ್ಡು ಉಳಿಯುವುದು ಕಷ್ಟ.

ಆ ಹೊಲ ಯಾವ ಊರಿನದು ಅಂತ ಬೇಕಂತಲೇ ಬರೆದಿಲ್ಲ. ಹೋಗುವ ಆಸೆ ಇದ್ದವರು ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಮಳೆಗಾಲ ಮೊಟ್ಟೆ ಇಡುವ ಕಾಲ, ಆಗ ಬೇಡ. ಗಾಡಿಯನ್ನು ರಸ್ತೆಯಲ್ಲೇ ಬಿಡಿ, ಫೋಟೋಗಾಗಿ ಹೊಲಕ್ಕೆ ನುಗ್ಗಿಸಬೇಡಿ.